ಅಗ್ಗದ ಶೀಶೆ, ದುಬಾರಿ ಪೆನ್ನು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕರಲ್ಲಿ ಯಾವ ಊರಿನ ದೊಡ್ಡ ಔಷಧಿ ಅಂಗಡಿಯ ಫ್ರಿಜ್ ತೆಗೆದರೂ ಎರಡು ಬಗೆಯ ಇನ್ಸುಲಿನ್ ಕಾಣುತ್ತವೆ. ಒಂದು, 10 ಮಿ.ಲೀ. ಗಾಜಿನ ಶೀಶೆ. ಅದರಲ್ಲಿ 400 ಯೂನಿಟ್ ಇರುತ್ತದೆ, ಬೆಲೆ 150 ರೂಪಾಯಿಯ ಆಸುಪಾಸು. ಇನ್ನೊಂದು, ಪೆನ್ನಿನೊಳಗೆ ಹಾಕುವ 3 ಮಿ.ಲೀ. ಕಾರ್ಟ್ರಿಜ್. ಅದರಲ್ಲಿ 300 ಯೂನಿಟ್, ಬೆಲೆ ಕಂಪನಿ ನೋಡಿಕೊಂಡು 500 ರೂಪಾಯಿಯ ಮೇಲೋ ಕೆಳಗೋ. ಮೊದಲನೆಯದು ಮಾನವ ಇನ್ಸುಲಿನ್. ಎರಡನೆಯದು ಗ್ಲಾರ್ಜಿನ್‌ನಂಥ, ಮಾರ್ಪಾಡು ಮಾಡಿದ ಇನ್ಸುಲಿನ್. ವೈದ್ಯರು ಇದನ್ನು ಅನಲಾಗ್ ಎನ್ನುತ್ತಾರೆ.

ಚೀಟಿ ಹಿಡಿದು ನಿಂತವರ ಪ್ರಶ್ನೆ ಒಂದೇ: "ಹೆಚ್ಚು ರೊಕ್ಕದ್ದು ಹಚ್ಚಿದ್ರ ಶುಗರ್ ಜಲ್ದಿ ಇಳಿತೈತೇನ್ರಿ?"

ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲ. ಸಕ್ಕರೆ ಇಳಿಸುವ ಶಕ್ತಿಯಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ಬೇರೆ ಕಡೆ, ಮುಖ್ಯವಾಗಿ ರಾತ್ರಿಯ ಹೊತ್ತಿನಲ್ಲಿ. ಆ ಅಂತರ ಎಷ್ಟು ದೊಡ್ಡದು, ಯಾರಿಗೆ ಅದು ಜೀವದ ಪ್ರಶ್ನೆ, ಯಾರಿಗೆ ಬರೀ ಹೆಚ್ಚಿನ ಖರ್ಚು ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಒಂದು ಮಾತು. ಎರಡನೆಯ ಬಗೆಯ ಮಧುಮೇಹದಲ್ಲಿ, ಅಂದರೆ ನಡುವಯಸ್ಸಿನ ಆಚೀಚೆ ಬರುವ ಸಾಮಾನ್ಯ ಸಕ್ಕರೆ ಕಾಯಿಲೆಯಲ್ಲಿ, ಇನ್ಸುಲಿನ್ ಮೊದಲ ಔಷಧಿಯಲ್ಲ. ದೇಹ ತನ್ನ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ, ಜೊತೆಗೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ವರ್ಷದಿಂದ ವರ್ಷಕ್ಕೆ ಸೋಲುತ್ತವೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಯುಕೆಪಿಡಿಎಸ್ ಅಧ್ಯಯನ ತೋರಿಸಿದಂತೆ, ರೋಗ ಪತ್ತೆಯಾಗುವ ಹೊತ್ತಿಗೇ ಈ ಕೋಶಗಳ ಅರ್ಧದಷ್ಟು ಕಸುವು ಹೋಗಿರುತ್ತದೆ. ಮೆಟ್‌ಫಾರ್ಮಿನ್ ಮತ್ತಿತರ ಗುಳಿಗೆಗಳು ಹಲವು ವರ್ಷ ತಡೆದು ನಿಲ್ಲಿಸುತ್ತವೆ. ಅವು ಸಾಲದಾದಾಗ ಇನ್ಸುಲಿನ್ ಬೇಕಾಗುತ್ತದೆ. "ಇಂಜೆಕ್ಷನ್ ಸುರು ಆತು ಅಂದ್ರ ಮುಗೀತು" ಎಂಬ ಭಯ ನಮ್ಮ ಕಡೆ ಬಹಳ. ಸೂಜಿ ಬಂದದ್ದರಿಂದ ಕಣ್ಣು, ಕಿಡ್ನಿ ಹೋಗುವುದಿಲ್ಲ. ಸೂಜಿಯನ್ನು ಐದಾರು ವರ್ಷ ಮುಂದೂಡಿದ್ದರಿಂದ ಹೋಗಿರುತ್ತವೆ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. ಮರುವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಿದರು. ಹಕ್ಕುಪತ್ರವನ್ನು ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟರು. ಔಷಧಿ ಎಲ್ಲರಿಗೂ ಸಿಗಲಿ ಎಂಬುದು ಆಗಿನ ಆಸೆಯಾಗಿತ್ತು. ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆದ ಆ ಇನ್ಸುಲಿನ್ ಆರೆಂಟು ತಾಸಿನಲ್ಲಿ ಖಾಲಿಯಾಗುತ್ತಿತ್ತು. ದಿನಕ್ಕೆ ಮೂರು ನಾಲ್ಕು ಚುಚ್ಚು ಬೇಕಾಗುತ್ತಿತ್ತು. ಡೆನ್ಮಾರ್ಕಿನ ಹಾಗೆಡೋರ್ನ್ ಎಂಬ ವೈದ್ಯ ಮೀನಿನ ವೀರ್ಯದಿಂದ ತೆಗೆದ ಪ್ರೊಟಮೀನ್ ಎಂಬ ಪ್ರೋಟೀನನ್ನು ಅದಕ್ಕೆ ಸೇರಿಸಿದ. ಇನ್ಸುಲಿನ್ ಚರ್ಮದಡಿ ನಿಧಾನವಾಗಿ ಬಿಡುಗಡೆಯಾಗತೊಡಗಿತು. 1946ರಲ್ಲಿ ರೂಪುಗೊಂಡ ಆ ಔಷಧಿಯೇ ಇವತ್ತಿಗೂ ನಮ್ಮ ಅಂಗಡಿಗಳಲ್ಲಿರುವ ಎನ್‌ಪಿಎಚ್. ಹಾಲಿನಂತೆ ಮಸುಕಾಗಿ ಕಾಣುವುದು ಇದೇ. ಇದಕ್ಕೆ ಬೇಗ ಕೆಲಸ ಮಾಡುವ ತಿಳಿ ಇನ್ಸುಲಿನ್ನನ್ನು 30ಕ್ಕೆ 70ರ ಲೆಕ್ಕದಲ್ಲಿ ಬೆರೆಸಿದರೆ ಮಿಕ್ಸ್ ಇನ್ಸುಲಿನ್. ಊರೂರಿನಲ್ಲಿ ಹೆಚ್ಚು ಬರೆದುಕೊಡುವುದು ಅದನ್ನೇ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. 1982ರಲ್ಲಿ ಆ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಮಾನವ ಇನ್ಸುಲಿನ್ ಎಂಬ ಹೆಸರು ಬಂದದ್ದು ಹೀಗೆ; ಯಾವ ಮನುಷ್ಯನಿಂದಲೂ ಅದನ್ನು ತೆಗೆಯುವುದಿಲ್ಲ. ಅದೇ 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಕಿಣ್ವ ತಯಾರಿಸುವ ಸಣ್ಣ ಕಂಪನಿಯೊಂದನ್ನು ಶುರು ಮಾಡಿದ್ದರು. ಆ ಬಯೋಕಾನ್ 2004ರಲ್ಲಿ, ಪಿಚಿಯಾ ಎಂಬ ಒಂದು ಜಾತಿಯ ಯೀಸ್ಟ್‌ನಲ್ಲಿ ಮಾನವ ಇನ್ಸುಲಿನ್ ಬೆಳೆಸಿ ಇನ್ಸುಜೆನ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಅದಕ್ಕೂ ಮೊದಲೇ ವೊಖಾರ್ಡ್ ಕಂಪನಿ ಭಾರತದಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ತಂದಿತ್ತು. ವಿದೇಶಿ ಕಂಪನಿಗಳೂ ಬೆಲೆ ಇಳಿಸಬೇಕಾಯಿತು. ಮಾನವ ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದರಿಂದ ಅದರ ಗರಿಷ್ಠ ಬೆಲೆಯನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಇಂಡಿಯ ಲಿಂಬೆ ತೋಟದ ಕೂಲಿಯವಳಿಗೆ 150 ರೂಪಾಯಿಯ ಶೀಶೆ ಸಿಗುವುದರ ಹಿಂದೆ ಈ ಎರಡು ಕಾರಣಗಳಿವೆ: ದೇಶಿ ತಯಾರಿಕೆ ಮತ್ತು ಬೆಲೆ ನಿಯಂತ್ರಣ.

ಅನಲಾಗ್‌ಗಳ ಕತೆ ಶುರುವಾಗುವುದು 1990ರ ದಶಕದಲ್ಲಿ. ಇನ್ಸುಲಿನ್ ಅಣುವಿನ ಸರಪಳಿಯಲ್ಲಿ ಒಂದೆರಡು ಅಮೈನೊ ಆಮ್ಲಗಳನ್ನು ಬದಲಿಸಿದರೆ ಅದರ ವೇಗ ಬದಲಾಗುತ್ತದೆ. 1996ರಲ್ಲಿ ಬಂದ ಲಿಸ್‌ಪ್ರೊ ಬೇಗ ಕೆಲಸ ಮಾಡುತ್ತದೆ. ಊಟಕ್ಕೆ ಕೂರುವಾಗ ಚುಚ್ಚಿಕೊಂಡರೆ ಸಾಕು, ಅರ್ಧ ತಾಸು ಕಾಯಬೇಕಿಲ್ಲ. 2000ದಲ್ಲಿ ಬಂದ ಗ್ಲಾರ್ಜಿನ್ ಇದಕ್ಕೆ ತದ್ವಿರುದ್ಧ. ಕಾರ್ಟ್ರಿಜ್‌ನೊಳಗೆ ಅದು ಆಮ್ಲೀಯ ದ್ರಾವಣ, ನೀರಿನಂತೆ ತಿಳಿ. ಚರ್ಮದಡಿ ಆಮ್ಲ ಇಲ್ಲದ ಕಡೆ ಬಂದ ಕೂಡಲೇ ಸಣ್ಣ ಸಣ್ಣ ಹರಳಾಗಿ ಕೂತು, ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಮೆಲ್ಲಗೆ ಕರಗುತ್ತದೆ. ಸುಮಾರು 24 ತಾಸು ಒಂದೇ ಹದದಲ್ಲಿ ರಕ್ತಕ್ಕೆ ಸೇರುತ್ತದೆ. ಆಮೇಲೆ ಬಂದ ಡೆಗ್ಲುಡೆಕ್ 40 ತಾಸಿಗೂ ಮೀರಿ ಉಳಿಯುತ್ತದೆ, ಬೆಲೆಯೂ ಇನ್ನೂ ಹೆಚ್ಚು. ಬಯೋಕಾನ್ 2009ರಲ್ಲಿ ಬೆಸಲಾಗ್ ಹೆಸರಿನಲ್ಲಿ ತನ್ನ ಗ್ಲಾರ್ಜಿನ್ ತಂದಿತು. 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಬಯೋಕಾನ್ ಪಾಲುದಾರಿಕೆಯ ಗ್ಲಾರ್ಜಿನ್ನನ್ನು ಮೂಲ ಕಂಪನಿಯದರ ಬದಲಿಗೆ ನೇರವಾಗಿ ಕೊಡಬಹುದು ಎಂದು ಒಪ್ಪಿದರು. ಹಾಗೆ ಒಪ್ಪಿಗೆ ಪಡೆದ ಮೊದಲ ಇನ್ಸುಲಿನ್ ಅದು. ಕರ್ನಾಟಕದ ಒಂದು ಸಂಸ್ಥೆಯ ಈ ಸಾಧನೆಯ ಬಗ್ಗೆ ನನಗೆ ಹೆಮ್ಮೆಯಿದೆ.

ಈಗ ಲೆಕ್ಕ. ರಾತ್ರಿ ಮಲಗುವಾಗ 20 ಯೂನಿಟ್ ಬೇಕಾದ ಒಬ್ಬರನ್ನು ತೆಗೆದುಕೊಳ್ಳಿ. ತಿಂಗಳಿಗೆ 600 ಯೂನಿಟ್. ಎನ್‌ಪಿಎಚ್ ಆದರೆ ಒಂದೂವರೆ ಶೀಶೆ, ಸುಮಾರು 225 ರೂಪಾಯಿ. ಗ್ಲಾರ್ಜಿನ್ ಆದರೆ ಎರಡು ಕಾರ್ಟ್ರಿಜ್, 1,000 ರೂಪಾಯಿಯ ಸುತ್ತ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. ಹಾಗಾಗಿ ಮೊದಲನೆಯದಕ್ಕೆ ತಿಂಗಳಲ್ಲಿ ಒಂದು ದಿನದ ಕೂಲಿಯೂ ಬೇಡ, ಎರಡನೆಯದಕ್ಕೆ ಹತ್ತಿರಹತ್ತಿರ ಮೂರು ದಿನದ ಕೂಲಿ. ಊಟದ ಹೊತ್ತಿನ ಇನ್ಸುಲಿನ್ ಕೂಡ ಬೇಕಾದರೆ, ಅದೂ ಅನಲಾಗ್ ಆದರೆ, ಈ ಅಂತರ ಇನ್ನೂ ಹಿಗ್ಗುತ್ತದೆ. ಸೂಜಿ, ಸಿರಿಂಜ್, ರಕ್ತ ಪರೀಕ್ಷೆಯ ಪಟ್ಟಿ, ಬಿ.ಪಿ. ಗುಳಿಗೆ ಎಲ್ಲ ಇದರ ಮೇಲೆ.

ಆ ಹೆಚ್ಚಿನ ಏಳೆಂಟುನೂರು ರೂಪಾಯಿಗೆ ಏನು ಸಿಗುತ್ತದೆ? 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನೇ ಕೇಳಿತು. ಗುಳಿಗೆಯಿಂದ ಸಕ್ಕರೆ ಹತೋಟಿಗೆ ಬಾರದ 756 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಗ್ಲಾರ್ಜಿನ್, ಇನ್ನೊಂದಕ್ಕೆ ಎನ್‌ಪಿಎಚ್ ಕೊಟ್ಟರು. ಮುಂಜಾನೆಯ ಸಕ್ಕರೆ ನೋಡಿ ಡೋಸ್ ಏರಿಸುತ್ತಾ ಹೋದರು. 24 ವಾರದ ಕೊನೆಗೆ ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಒಂದು ಗುಂಪಿನಲ್ಲಿ 6.96, ಇನ್ನೊಂದರಲ್ಲಿ 6.97. ಅಂದರೆ ಒಂದೇ. ಆದರೆ ರಾತ್ರಿ ಸಕ್ಕರೆ ಕುಸಿಯದೆ 7ರ ಗುರಿ ಮುಟ್ಟಿದವರು ಗ್ಲಾರ್ಜಿನ್ ಗುಂಪಿನಲ್ಲಿ ನೂರಕ್ಕೆ 33, ಎನ್‌ಪಿಎಚ್ ಗುಂಪಿನಲ್ಲಿ 27. ಕಾರಣ ಸರಳ. ರಾತ್ರಿ ಹತ್ತಕ್ಕೆ ಚುಚ್ಚಿಕೊಂಡ ಎನ್‌ಪಿಎಚ್ ನಾಲ್ಕು ತಾಸಿನ ಮೇಲೆ ತನ್ನ ಶಿಖರ ಮುಟ್ಟತೊಡಗುತ್ತದೆ; ಹೊಟ್ಟೆ ಖಾಲಿಯಿರುವ ಎರಡು ಮೂರು ಗಂಟೆಯ ನಡುರಾತ್ರಿ ಅದು. ಗ್ಲಾರ್ಜಿನ್ನಿಗೆ ಅಂಥ ಶಿಖರವಿಲ್ಲ.

ಪ್ರಯೋಗದಲ್ಲಿ ಕಂಡ ಈ ವ್ಯತ್ಯಾಸ ಊರಿನ ಬದುಕಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆಸ್ಪತ್ರೆ ಜಾಲದಲ್ಲಿ ಹೊಸದಾಗಿ ಇನ್ಸುಲಿನ್ ಶುರು ಮಾಡಿದ 25,489 ಜನರ ದಾಖಲೆ ನೋಡಿ 2018ರಲ್ಲಿ ಒಂದು ವರದಿ ಬಂತು. ಸಕ್ಕರೆ ತೀರಾ ಕುಸಿದು ಆಸ್ಪತ್ರೆಗೆ ಓಡಬೇಕಾದ ಪ್ರಸಂಗ ಅನಲಾಗ್ ತೆಗೆದುಕೊಂಡವರಲ್ಲಿ ವರ್ಷಕ್ಕೆ ಸಾವಿರ ಜನರಿಗೆ 11.9, ಎನ್‌ಪಿಎಚ್ ತೆಗೆದುಕೊಂಡವರಲ್ಲಿ 8.8. ವಯಸ್ಸು, ಬೇರೆ ಕಾಯಿಲೆ ಎಲ್ಲ ಸರಿದೂಗಿಸಿ ನೋಡಿದಾಗ ಎರಡರ ನಡುವೆ ನಿಜವಾದ ವ್ಯತ್ಯಾಸವಿರಲಿಲ್ಲ. ಮರುವರ್ಷ ಇನ್ನೊಂದು ವರದಿ: ಅಲ್ಲಿನ ಒಂದು ವಿಮಾ ಯೋಜನೆ, ಖರ್ಚು ತಡೆಯಲಾರದೆ, ತನ್ನ ವಯಸ್ಸಾದ ಸದಸ್ಯರನ್ನು ಅನಲಾಗ್‌ನಿಂದ ಮಾನವ ಇನ್ಸುಲಿನ್ನಿಗೆ ಬದಲಿಸಿತ್ತು. 14,635 ಜನರ ದಾಖಲೆಯಲ್ಲಿ ಎಚ್‌ಬಿಎ1ಸಿ ಏರಿದ್ದು ಸರಾಸರಿ 0.14 ಅಂಶ. ಗಂಭೀರ ಸಕ್ಕರೆ ಕುಸಿತ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ದಾಖಲೆ ಆಧರಿಸಿದ ಇಂಥ ಅಧ್ಯಯನಗಳಿಗೆ ಪ್ರಯೋಗದಷ್ಟು ಬಲವಿಲ್ಲ. ಯಾರಿಗೆ ಯಾವುದು ಎಂದು ವೈದ್ಯರು ಮೊದಲೇ ಆರಿಸಿರುತ್ತಾರೆ. ಆದರೂ ಇಷ್ಟು ಜನರಲ್ಲಿ ದೊಡ್ಡ ಲಾಭವೊಂದು ಅಡಗಿದ್ದರೆ ಎಲ್ಲಾದರೂ ತಲೆ ಎತ್ತಬೇಕಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ಇದಕ್ಕೆ ಹೊಂದುತ್ತದೆ: ಎರಡನೆಯ ಬಗೆಯ ಮಧುಮೇಹಕ್ಕೆ ಮೊದಲು ಮಾನವ ಇನ್ಸುಲಿನ್, ಅದರಲ್ಲಿ ಪದೇ ಪದೇ ತೀವ್ರವಾಗಿ ಸಕ್ಕರೆ ಕುಸಿಯುವವರಿಗೆ ದೀರ್ಘಕಾಲದ ಅನಲಾಗ್. 2021ರಲ್ಲಿ ಆ ಸಂಸ್ಥೆ ದೀರ್ಘಕಾಲದ ಅನಲಾಗ್‌ಗಳನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ನಮ್ಮ ರಾಷ್ಟ್ರೀಯ ಪಟ್ಟಿಗೂ ಗ್ಲಾರ್ಜಿನ್ ಬಂತು. ಅನಲಾಗ್ ಬೇಕೇಬೇಕಾದವರು ಇದ್ದಾರೆ ಎಂಬುದನ್ನು ಒಪ್ಪಿಕೊಂಡ ಹಾಗಾಯಿತು. ಎಲ್ಲರಿಗೂ ಅದೇ ಮೊದಲು ಎಂದು ಇದರ ಅರ್ಥವಲ್ಲ.

ಬೇಕೇಬೇಕಾದವರು ಯಾರು? ಮಕ್ಕಳು ಪುಣೆಗೋ ಗೋವಾಕ್ಕೋ ದುಡಿಯಲು ಹೋಗಿ, ಹಳ್ಳಿಯಲ್ಲಿ ಒಬ್ಬರೇ ಮಲಗುವ ಎಪ್ಪತ್ತರ ಮುದುಕಿ. ನಡುರಾತ್ರಿ ಬೆವೆತು, ಕೈ ನಡುಗಿ, ಮಾತು ತೊದಲಿದರೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕುವವರು ಪಕ್ಕದಲ್ಲಿಲ್ಲ. ಕಿಡ್ನಿ ಸೋತವರು, ಅವರ ದೇಹದಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುವುದರಿಂದ ಕುಸಿತದ ಭಯ ಜಾಸ್ತಿ. ಎನ್‌ಪಿಎಚ್ ಡೋಸ್ ತಗ್ಗಿಸಿ, ಹೊತ್ತು ಬದಲಿಸಿ ನೋಡಿದ ಮೇಲೂ ಪದೇ ಪದೇ "ಲೋ" ಆಗುವವರು. ಇವರಿಗೆ ಗ್ಲಾರ್ಜಿನ್‌ನ ಹೆಚ್ಚಿನ ಬೆಲೆ ಸಾರ್ಥಕ. ಇವರ ಮನೆಯವರು ಬೇರೆ ಖರ್ಚು ಹಿಡಿದಾದರೂ ಅದನ್ನು ತರಬೇಕು ಎಂದೇ ನಾನು ಹೇಳುತ್ತೇನೆ.

ಇನ್ನು ಮಿಕ್ಸ್ ಇನ್ಸುಲಿನ್. ಮುಂಜಾನೆ, ಸಂಜೆ ಎರಡೇ ಚುಚ್ಚು, ಒಂದೇ ಶೀಶೆ. ಅದಕ್ಕೇ ಅದು ಇಷ್ಟು ಹರಡಿದೆ. ನಮ್ಮ ಊಟದಲ್ಲಿ ಪಿಷ್ಟವೇ ಹೆಚ್ಚು, ಜೋಳದ ರೊಟ್ಟಿ ಕೂಡ ಪಿಷ್ಟವೇ, ಹಾಗಾಗಿ ಊಟದ ನಂತರ ಏರುವ ಸಕ್ಕರೆಗೂ ಇದು ಉತ್ತರ ಕೊಡುತ್ತದೆ. ಆದರೆ ಮಿಕ್ಸ್ ಇನ್ಸುಲಿನ್ ಊಟದ ಹೊತ್ತನ್ನು ಕಟ್ಟುನಿಟ್ಟಾಗಿ ಕೇಳುತ್ತದೆ. ಚುಚ್ಚಿದ ಅರ್ಧ ತಾಸಿಗೆ ಉಣ್ಣಬೇಕು, ಮಧ್ಯಾಹ್ನದ ಊಟ ತಪ್ಪಬಾರದು. ಸಿಂದಗಿಯ ಹತ್ತಿ ಹೊಲದಲ್ಲಿ ಬಿಡಿಸುವ ಕೆಲಸ ಮುಗಿಯದೆ ಬುತ್ತಿ ಬಿಚ್ಚದ ದಿನ, ಕಬ್ಬಿನ ಗ್ಯಾಂಗಿನಲ್ಲಿ ಊಟಕ್ಕೆ ಹೊತ್ತೇ ಇಲ್ಲದ ದಿನ, ಶ್ರಾವಣ ಸೋಮವಾರ, ಪಂಢರಪುರದ ಭಕ್ತರ ಏಕಾದಶಿ, ರಂಜಾನ್ ರೋಜಾ: ಇಂಥ ದಿನಗಳಲ್ಲಿ ಮಿಕ್ಸ್ ಇನ್ಸುಲಿನ್ ಅಪಾಯ ತರಬಹುದು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 708 ಜನರ ಮೇಲೆ ಮೂರು ವರ್ಷ ನಡೆದ ಪ್ರಯೋಗವೊಂದು ಮಿಕ್ಸ್, ಊಟದ ಇನ್ಸುಲಿನ್, ದೀರ್ಘಕಾಲದ ಇನ್ಸುಲಿನ್ ಮೂರನ್ನೂ ಹೋಲಿಸಿತು. ಅಲ್ಲಿ ಬಳಸಿದ್ದು ಮೂರೂ ಅನಲಾಗ್‌ಗಳೇ. ಕೊನೆಗೆ ಎಚ್‌ಬಿಎ1ಸಿ ಎಲ್ಲರಲ್ಲೂ 7ರ ಆಸುಪಾಸು. ಆದರೆ ದೀರ್ಘಕಾಲದ್ದರಿಂದ ಶುರು ಮಾಡಿದವರಲ್ಲಿ ಸಕ್ಕರೆ ಕುಸಿತವೂ ತೂಕ ಏರಿಕೆಯೂ ಕಡಿಮೆ. ನನ್ನ ದೃಷ್ಟಿಯಲ್ಲಿ, ಊಟದ ಹೊತ್ತು ತಮ್ಮ ಕೈಯಲ್ಲಿಲ್ಲದ ಕೂಲಿಯವರಿಗೆ ಗುಳಿಗೆಯ ಜೊತೆ ರಾತ್ರಿ ಒಂದೇ ಚುಚ್ಚು ಎನ್‌ಪಿಎಚ್ ಸಾಕಾಗುವ ಹಂತದಲ್ಲಿ, ನೇರವಾಗಿ ಮಿಕ್ಸ್ ಶುರು ಮಾಡುವುದಕ್ಕಿಂತ ಅದೇ ಮೇಲು. ಉಪವಾಸ ಇರುವವರು ಮುಂಚಿತವಾಗಿ ವೈದ್ಯರಿಗೆ ಹೇಳಿ ಡೋಸ್ ಬದಲಿಸಿಕೊಳ್ಳಬೇಕು. ಹೇಳದೆ ಉಪವಾಸ ಮಾಡುವುದು, ಹೇಳದೆ ಚುಚ್ಚು ಬಿಡುವುದು, ಎರಡೂ ಬೇಡ.

ಬೆಲೆ, ಬಗೆ ಇವೆರಡಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವ ಸಂಗತಿ ಮನೆಯಲ್ಲಿದೆ: ಚುಚ್ಚಿಕೊಳ್ಳುವ ರೀತಿ. ನಮ್ಮ ದೇಶದ ಶೀಶೆಯ ಇನ್ಸುಲಿನ್ ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜ್. ಕಾರ್ಟ್ರಿಜ್‌ನದು ಮಿ.ಲೀ.ಗೆ 100 ಯೂನಿಟ್. 100ರ ಅಳತೆಯ ಸಿರಿಂಜಿಗೆ ಕಿತ್ತಳೆ ಟೊಪ್ಪಿಗೆ. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಆ ರಾತ್ರಿ ಪ್ರಾಣವೇ ಹೋಗಬಹುದು. ಉಲ್ಟಾ ಆದರೆ, 40ರ ಶೀಶೆಗೆ ಕಿತ್ತಳೆ ಸಿರಿಂಜ್ ಹಿಡಿದರೆ, 20ರ ಗೆರೆಗೆ ಬರುವುದು 8 ಯೂನಿಟ್ ಮಾತ್ರ. ಸಕ್ಕರೆ ಏರುತ್ತಾ ಹೋಗುತ್ತದೆ, "ಈ ಔಷಧಿ ನಮಗ ಹತ್ತಲಿಲ್ಲ" ಎಂದು ದುಬಾರಿಯದಕ್ಕೆ ಹೋಗುತ್ತಾರೆ. ಮಸುಕು ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಹೊರಳಿಸಿ ಪೂರ್ತಿ ಬೆರೆಸಬೇಕು. ಬೆರೆಸದಿದ್ದರೆ ಇವತ್ತು ಒಂದು ಡೋಸ್, ನಾಳೆ ಇನ್ನೊಂದು. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ, ಗಂಟಿನೊಳಗಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಶೀಶೆಯಿಂದ ಚುಚ್ಚಲು ಕಲಿಯುವುದು ಈಗ ಇನ್ನಷ್ಟು ಮುಖ್ಯ. 2025ರಲ್ಲಿ ನೊವೊ ನಾರ್ಡಿಸ್ಕ್ ಕಂಪನಿ ಭಾರತದಲ್ಲಿ ತನ್ನ ಮಾನವ ಇನ್ಸುಲಿನ್ನಿನ ಪೆನ್ನು, ಕಾರ್ಟ್ರಿಜ್‌ಗಳನ್ನು ನಿಲ್ಲಿಸುವುದಾಗಿ, ಶೀಶೆ ಮಾತ್ರ ಉಳಿಸುವುದಾಗಿ ತಿಳಿಸಿತು. ಪೆನ್ನು ಬೇಕು ಎಂಬ ಒಂದೇ ಕಾರಣಕ್ಕೆ ಅನಲಾಗ್‌ಗೆ ಹೋಗುವವರು ಇದರಿಂದ ಹೆಚ್ಚಬಹುದು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಪೆನ್ನು ನಿಜಕ್ಕೂ ಬೇಕು. ಉಳಿದವರಿಗೆ ಸಿರಿಂಜ್ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋಗುತ್ತಿರುತ್ತದೆ, ಎಷ್ಟೋ ಮನೆಗಳಲ್ಲಿ ಫ್ರಿಜ್ ಇಲ್ಲ. ಇದರಿಂದ ಇನ್ಸುಲಿನ್ ಬೇಡವೇ ಬೇಡ ಎನ್ನುವವರಿದ್ದಾರೆ. ಅವರಿಗೆ ಧೈರ್ಯ ಕೊಡುವ ಒಂದು ಅಧ್ಯಯನವಿದೆ. ಗಡಿಯಿಲ್ಲದ ವೈದ್ಯರ ಸಂಘಟನೆ ಎಂಎಸ್‌ಎಫ್ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಮನೆಯೊಳಗಿನ ಉಷ್ಣತೆ ಅಳೆದು, ಅದೇ ರೀತಿ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವಂತೆ ನಾಲ್ಕು ವಾರ ಇನ್ಸುಲಿನ್ ಇಟ್ಟು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರ ಶಕ್ತಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಕುಗ್ಗಲಿಲ್ಲ. ನಮ್ಮ ಬೇಸಿಗೆ ಅದಕ್ಕಿಂತ ಕಡು, ಆದರೆ ನಮ್ಮ ಗಾಳಿ ಒಣ. ಒಣ ಗಾಳಿಯಲ್ಲಿ ಮಣ್ಣಿನ ಗಡಿಗೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಒಳಗಿನ ಬಿಸಿ ಹೊರಹೋಗುತ್ತದೆ. ದೊಡ್ಡ ಗಡಿಗೆಯೊಳಗೆ ಒದ್ದೆ ಉಸುಕು, ಅದರೊಳಗೆ ಸಣ್ಣ ಗಡಿಗೆ, ಅದರಲ್ಲಿ ನೀರು ತಾಗದಂತೆ ಶೀಶೆ. ನೆರಳಲ್ಲಿ ಇಟ್ಟು ಉಸುಕಿಗೆ ಮುಂಜಾನೆ ಸಂಜೆ ನೀರು ಚಿಮುಕಿಸಿದರೆ ಬಳಕೆಯಲ್ಲಿರುವ ಶೀಶೆ ಒಂದು ತಿಂಗಳು ಕೆಡದೆ ಉಳಿಯುತ್ತದೆ. ಫ್ರಿಜ್ ಇದ್ದವರು ಬರ್ಫದ ಖಾನೆಯಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯೂ ಬೇಡ.

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಇವರಲ್ಲಿ ಇನ್ಸುಲಿನ್ ಬೇಕಾದ ಎಲ್ಲರಿಗೂ ಅದು ನಿತ್ಯ ಸಿಗಬೇಕಾದರೆ ಆಧಾರವಾಗುವುದು ಅಗ್ಗದ ಶೀಶೆಯೇ. ಹಣ ಇದ್ದ ತಿಂಗಳು ಪೆನ್ನು, ಇಲ್ಲದ ತಿಂಗಳು ಏನೂ ಇಲ್ಲ ಎಂಬಂತೆ ನಡೆಸುವುದು ನಾನು ಕಂಡ ಅತ್ಯಂತ ಕೆಟ್ಟ ಚಿಕಿತ್ಸೆ. ಶೀಶೆ ಹಿಡಿದು ಉಳಿಸಿದ ಏಳೆಂಟುನೂರು ರೂಪಾಯಿಯಲ್ಲಿ ಗ್ಲುಕೋಮೀಟರ್ ಪಟ್ಟಿಗಳು ಬರುತ್ತವೆ. ಒಂದಕ್ಕೆ ಹದಿನೈದಿಪ್ಪತ್ತು ರೂಪಾಯಿ. ವಾರದಲ್ಲಿ ನಾಲ್ಕೈದು ದಿನ ಮುಂಜಾನೆಯ ಸಕ್ಕರೆ ನೋಡಿ, ಅದನ್ನು ವೈದ್ಯರಿಗೆ ತೋರಿಸಿ ಡೋಸ್ ಸರಿಮಾಡಿಕೊಳ್ಳುವ ರೋಗಿಗೆ ಅಗ್ಗದ ಇನ್ಸುಲಿನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ನೋಡದೆ ಚುಚ್ಚಿಕೊಳ್ಳುವವರಿಗೆ ಡೆಗ್ಲುಡೆಕ್ ಕೂಡ ನೆರವಾಗದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಇದನ್ನು ಓದಿ ನೀವಾಗಿಯೇ ಇನ್ಸುಲಿನ್ ಬದಲಿಸಬೇಡಿ; ಎರಡರ ಡೋಸ್ ಮತ್ತು ಹೊತ್ತು ಬೇರೆ ಬೇರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿಗೆ ಹೋಗಿ, ಯಾವ ಇನ್ಸುಲಿನ್ ಉಚಿತವಾಗಿ ಇದೆ ಎಂದು ಕೇಳಿ. ದುಬಾರಿಯದನ್ನು ಬರೆದುಕೊಟ್ಟರೆ, "ಡಾಕ್ಟ್ರೇ, ನನಗ ಇದೇ ಯಾಕ ಬೇಕ್ರಿ, ಶೀಶೆಯದು ಸಾಲದೇನ್ರಿ?" ಎಂದು ಅಂಜದೆ ಕೇಳಿ. ಕಾರಣ ಹೇಳಿದರೆ ತೆಗೆದುಕೊಳ್ಳಿ. ಕಾರಣ ಇಲ್ಲದಿದ್ದರೆ 150 ರೂಪಾಯಿಯ ಶೀಶೆ, ಕೆಂಪು ಟೊಪ್ಪಿಗೆಯ ಸಿರಿಂಜ್ ಮತ್ತು ಒಂದು ಡಬ್ಬಿ ಪರೀಕ್ಷಾ ಪಟ್ಟಿ ಕೊಂಡು ಮನೆಗೆ ಹೋಗಿ.